ಕಂಬದ ಆಚೆಯ ಅರಮನೆ



ಹದಿನಾರು ವರ್ಷದ ಹುಡುಗಿಯೊಬ್ಬಳು ಪಠ್ಯಪುಸ್ತಕದ ಅಡಿಯಲ್ಲಿ ಇನ್ನೊಂದು ನೋಟುಬುಕ್ಕನ್ನು ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಏನನ್ನೋ ಬರೆಯುತ್ತಿದ್ದಾಳೆ ಎಂದರೆ ಮನೆಯ ಹಿರಿಯರ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಕಳೆದ ಶ್ರಾವಣದಲ್ಲಿ ಹೀಗೆಯೇ ಆಯಿತು. ಮೊಮ್ಮಗಳು ಪಿಯುಸಿ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಸೊಸೆಯು ಆ ನೋಟುಬುಕ್ಕನ್ನು ತಂದು ನನ್ನ ಮುಂದೆ ಇಟ್ಟು, "ಮಾವನವರೇ, ನೀವೇ ನೋಡಿ. ಓದಬೇಕಾದ ಹುಡುಗಿ ಪ್ರೇಮದ ಕಥೆ ಬರೆಯುತ್ತಾ ಕುಳಿತಿದ್ದಾಳೆ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಹೇಳಿದರೆ ಕೇಳಿಯಾಳು" ಎಂದಳು.

ಮಕ್ಕಳ ಬರಹವನ್ನು ಅವರ ಅಪ್ಪಣೆಯಿಲ್ಲದೆ ಓದುವುದು ನನಗೆ ಸರಿಯೆನಿಸಲಿಲ್ಲ. ಮೊಮ್ಮಗಳನ್ನು ಕರೆದು, "ಓದಲೇನವ್ವಾ?" ಎಂದು ಕೇಳಿದೆ. ಅವಳು ತಾಯಿಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಓದಿ ಅಜ್ಜ, ಆದರೆ ನಗಬಾರದು" ಎಂದಳು.

ಕಥೆ ಹೀಗಿತ್ತು. ದಾವಣಗೆರೆಯ ಕಾಲೇಜೊಂದರ ಹುಡುಗಿ ಗೆಳತಿಯರೊಡನೆ ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಹೋಗುತ್ತಾಳೆ. ಗೆಳತಿಯರು ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ಹೊರಗೆ ಹೋದಾಗ ಅವಳೊಬ್ಬಳೇ ಮಂಟಪದಲ್ಲಿ ಉಳಿಯುತ್ತಾಳೆ. ನುಣುಪಾದ ಕಂಬದಲ್ಲಿ ತನ್ನ ಮುಖವನ್ನು ನೋಡಿಕೊಳ್ಳುವಾಗ ಬೆನ್ನ ಹಿಂದೆ ಅಪರಿಚಿತ ತರುಣನೊಬ್ಬನ ಮುಖವೂ ಕಾಣುತ್ತದೆ. ತಿರುಗಿ ನೋಡಿದರೆ ಮಂಟಪ ಹೊಸದಾಗಿದೆ. ನೆಲದ ಮೇಲೆ ಉಳಿಯ ಪುಡಿಯನ್ನು ಇನ್ನೂ ಗುಡಿಸಿಲ್ಲ. ಹೊರಗೆ ರಾಜರ ಆಸ್ಥಾನ ನೆರೆದಿದೆ. ಕಾಲ ಕ್ರಿ.ಶ. 1224. ಆ ತರುಣ ತನ್ನನ್ನು "ನಾನು ದೊರೆಯ ಗರುಡ" ಎಂದು ಪರಿಚಯಿಸಿಕೊಳ್ಳುತ್ತಾನೆ. ಅವಳು ಅವನಿಗೆ ರೈಲು, ವಿದ್ಯುದ್ದೀಪ, ಮೊಬೈಲುಗಳ ವಿಷಯ ಹೇಳುತ್ತಾಳೆ. ಅವನು ಅವಳಿಗೆ ಹೊಳೆಯಾಚೆಯಿಂದ ತಾವರೆ ತರುತ್ತಾನೆ. ಮುಂದಿನ ಹುಣ್ಣಿಮೆಯ ರಾತ್ರಿ ಕಂಬದ ಬಾಗಿಲು ಮತ್ತೊಮ್ಮೆ ತೆರೆಯುತ್ತದೆ. ಹಿಂದಿರುಗಬೇಕೆ, ಅಲ್ಲಿಯೇ ಉಳಿಯಬೇಕೆ? ಬರಹ ಅಲ್ಲಿಗೆ ನಿಂತಿತ್ತು.

"ಅಜ್ಜ, ಅವಳು ಅಲ್ಲೇ ಉಳಿಯಲೋ, ಬರಲೋ?" ಎಂದು ಮೊಮ್ಮಗಳು ಕೇಳಿದಳು. ಬುದ್ಧಿ ಹೇಳಬೇಕೆಂದು ಕುಳಿತಿದ್ದ ನಾನು ಕಥೆಯ ಅಂತ್ಯವನ್ನು ಹುಡುಕುವ ಕೆಲಸಕ್ಕೆ ಸಿಕ್ಕಿಕೊಂಡೆ.

ನಿಜ ಹೇಳಬೇಕೆಂದರೆ, ಗದರಿಸಲು ನನಗೆ ಅಧಿಕಾರವೂ ಇರಲಿಲ್ಲ. ನಾನೂ ಆ ವಯಸ್ಸಿನಲ್ಲಿ ವಾಚನಾಲಯದಿಂದ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿಯನ್ನು ತಂದು, ಲೆಕ್ಕದ ಪುಸ್ತಕದ ನಡುವೆ ಇಟ್ಟು ಓದಿದವನೇ. ಚಿತ್ರದುರ್ಗದ ಕೋಟೆಗೆ ಹೋದಾಗಲೆಲ್ಲ ತ.ರಾ.ಸು. ಅವರ ಕಾದಂಬರಿಗಳ ನಾಯಕರು ಯಾವುದೋ ದಿಡ್ಡಿಯಿಂದ ಹೊರಬರುವರೆಂದು ಕಾದವನೇ. ಕಾಲಯಂತ್ರವೊಂದು ಇರಲಿಲ್ಲವೆಂಬುದನ್ನು ಬಿಟ್ಟರೆ ನಾನು ಮಾಡಿದ್ದೂ ಕಾಲಪ್ರಯಾಣವೇ.

ಈ ಬಯಕೆ ನಮ್ಮ ಮನೆಯೊಂದರದ್ದಲ್ಲ. ಅಮೆರಿಕದ ಮಾರ್ಕ್ ಟ್ವೇನ್ 1889ರಲ್ಲಿಯೇ ತನ್ನ ನಾಡಿನ ಕುಶಲಕರ್ಮಿಯೊಬ್ಬನನ್ನು ಇಂಗ್ಲೆಂಡಿನ ಆರ್ಥರ್ ದೊರೆಯ ಆಸ್ಥಾನಕ್ಕೆ ಕಳುಹಿಸಿ ಕಾದಂಬರಿ ಬರೆದ. ಎಚ್.ಜಿ. ವೆಲ್ಸ್‌ನ ಕಾಲಯಂತ್ರದ ಕಥೆ 1895ರಲ್ಲಿ ಬಂದಿತು. ನಮ್ಮ ನೆರೆಯ ತೆಲುಗಿನಲ್ಲಿ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ 'ಆದಿತ್ಯ 369' ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಇಂದಿನ ಕಾಲದ ಪ್ರೇಮಿಗಳು ಯಂತ್ರವೇರಿ ವಿಜಯನಗರದ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗಿ ಇಳಿಯುತ್ತಾರೆ.

ನಮ್ಮ ಪುರಾಣಗಳಲ್ಲಿ ಇದಕ್ಕಿಂತ ಹಳೆಯ ಕಥೆಯೂ ಒಂದುಂಟು. ಕಕುದ್ಮಿ ಎಂಬ ರಾಜನು ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳೊಡನೆ ಬ್ರಹ್ಮನ ಸಭೆಗೆ ಹೋದನಂತೆ. ಅಲ್ಲಿ ಗಂಧರ್ವರ ಗಾನ ನಡೆದಿತ್ತು. ಅದು ಮುಗಿಯುವವರೆಗೆ ಕಾದು, ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ವಿಷಯವನ್ನು ಅರಿಕೆ ಮಾಡಿಕೊಂಡಾಗ ಬ್ರಹ್ಮನು ನಕ್ಕು, "ನೀನು ಇಲ್ಲಿ ಕಾದ ಹೊತ್ತಿನಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದುಹೋದವು, ಅವರಾರೂ ಈಗ ಇಲ್ಲ" ಎಂದನಂತೆ. ಕೊನೆಗೆ ರೇವತಿಯು ಬಲರಾಮನನ್ನು ವರಿಸಿದಳು. ವರನನ್ನು ಅಳೆದು ತೂಗುತ್ತ ಕುಳಿತ ತಂದೆಯ ಪಟ್ಟಿ ಕಾಲದ ಹೊಳೆಯಲ್ಲಿ ಕೊಚ್ಚಿಹೋದ ಈ ಕಥೆಯನ್ನು ನಾನು ಮೊಮ್ಮಗಳಿಗೆ ವಿನೋದವಾಗಿಯೇ ಹೇಳಿದೆ. ಅದು ನನಗೇ ತಿರುಗಿ ಬರುವುದೆಂದು ಆಗ ತಿಳಿದಿರಲಿಲ್ಲ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ. ಮುಂದಿನ ಭಾನುವಾರ ಅಜ್ಜ, ಮೊಮ್ಮಗಳು ಇಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು. ದಾವಣಗೆರೆಯಿಂದ ಅರ್ಧ ಗಂಟೆಯ ಹಾದಿ. ಇಷ್ಟು ಹತ್ತಿರವಿದ್ದೂ ಆ ದೇವಾಲಯವನ್ನು ಕಣ್ತುಂಬ ನೋಡದ ಎಷ್ಟೋ ಮನೆಗಳು ನಮ್ಮಲ್ಲಿವೆ.

ತುಂಗಭದ್ರೆಯನ್ನು ಹರಿದ್ರಾ ನದಿಯು ಕೂಡುವ ಈ ಸ್ಥಳಕ್ಕೆ ಕೂಡಲೂರು ಎಂಬ ಪ್ರಾಚೀನ ಹೆಸರಿತ್ತು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಅವನ ದಂಡನಾಯಕನಾದ ಪೋಲಾಳ್ವನು ಈ ದೇವಾಲಯವನ್ನು ಕಟ್ಟಿಸಿದನು. ಮುಂದೆ 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಇದಕ್ಕೆ ಸೇರ್ಪಡೆಗಳನ್ನು ಮಾಡಿಸಿದನು. ಗರ್ಭಗುಡಿಯ ಮೂರ್ತಿಯ ಒಂದು ಪಾರ್ಶ್ವ ಹರ, ಮತ್ತೊಂದು ಪಾರ್ಶ್ವ ಹರಿ. ವಿಶಾಲವಾದ ಮಂಟಪದಲ್ಲಿ ಬಳಪದ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಚರಕಿಗೆ ಹಿಡಿದು ಕಡೆದಂತೆ ದುಂಡಗಿರುವ ಆ ಕಂಬಗಳಲ್ಲಿ ಇಂದಿಗೂ ಮುಖದ ನೆರಳು ಕಾಣುತ್ತದೆ. ಮೊಮ್ಮಗಳು ಒಂದು ಕಂಬದ ಬಳಿ ನಿಂತು, "ಇದೇ ಅಜ್ಜ, ನನ್ನ ಕಂಬ" ಎಂದಳು.

ನಾನು ಮೊದಲು ಒಂದು ತಿದ್ದುಪಡಿ ಹೇಳಿದೆ. "ನಿನ್ನ ಕಥೆಯಲ್ಲಿ ಆಸ್ಥಾನವನ್ನು ಇಲ್ಲಿಗೆ ತಂದಿದ್ದೀಯೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಎಂದರೆ ಇಂದಿನ ಹಳೇಬೀಡು. ಇದು ರಾಜ್ಯದ ಉತ್ತರದ ಗಡಿ. ದೇವಗಿರಿಯ ಸೇವುಣರಿಗೂ ಹೊಯ್ಸಳರಿಗೂ ಈ ಸೀಮೆಗಾಗಿ ಕದನಗಳು ನಡೆದಿವೆ. ಆದ್ದರಿಂದ ಇಲ್ಲಿ ದಂಡನಾಯಕನ ಬೀಡು ಬಿಟ್ಟಿತ್ತೆಂದು ಬರೆ." ಅವಳು ಬರೆದುಕೊಂಡಳು.

"ಇನ್ನು ನಿನ್ನ ನಾಯಕ. ಗರುಡ ಎಂಬ ಪದ ಎಲ್ಲಿ ಸಿಕ್ಕಿತು?"

"ಶಾಲೆಯ ಪ್ರವಾಸದಲ್ಲಿ ಹಳೇಬೀಡಿಗೆ ಹೋಗಿದ್ದೆವಲ್ಲ, ಅಲ್ಲಿ ಕೇಳಿದ್ದೆ. ದೊರೆಯ ಅಂಗರಕ್ಷಕರು ಅಂತ. ಹೆಸರು ಚೆನ್ನಾಗಿದೆ ಅನ್ನಿಸಿತು."

ಹೆಸರೇನೋ ಚೆನ್ನಾಗಿಯೇ ಇದೆ. ಆದರೆ ಗರುಡನೆಂದರೆ ದೊರೆಯೊಡನೆ ಬದುಕಿ, ದೊರೆ ಸತ್ತ ದಿನ ತಾನೂ ಸಾಯುವೆನೆಂದು ವ್ರತ ತೊಟ್ಟವನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬ ಇದಕ್ಕೆ ಸಾಕ್ಷಿ. ಇಮ್ಮಡಿ ಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ತನ್ನ ಪತ್ನಿ ಸುಗ್ಗಲದೇವಿಯೊಡನೆ, ತನ್ನ ಗರುಡರೊಡನೆ ಪ್ರಾಣತ್ಯಾಗ ಮಾಡಿದನು. ಆ ಕಂಬದ ಮೇಲೆ ವೀರರು ತಮ್ಮ ಕೈಯಾರೆ ತಮ್ಮ ತಲೆಯನ್ನು ಕತ್ತರಿಸಿಕೊಳ್ಳುವ ಚಿತ್ರಗಳಿವೆ. ಮೊಮ್ಮಗಳ ಕಥೆ ನಡೆಯುವುದು ಇದಾದ ನಾಲ್ಕೇ ವರ್ಷಗಳ ಮೇಲೆ.

ಇದನ್ನು ಕೇಳಿ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಂದರೆ ಅವನು ನನ್ನ ಹುಡುಗಿಗೆ ಕೊಡುವುದಕ್ಕೆ ಅವನ ಜೀವ ಅವನದೇ ಅಲ್ಲ" ಎಂದಳು. ಮೂವತ್ತು ವರ್ಷ ಪಾಠ ಹೇಳಿದ ನಾನೂ ಆ ಕಂಬದ ಅರ್ಥವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿರಲಿಲ್ಲ.

"ಹಾಗಾದರೆ ನನ್ನ ಹುಡುಗಿ ಅಲ್ಲಿ ಯಾರಾಗಿರುತ್ತಾಳೆ?" ಎಂಬುದು ಅವಳ ಮುಂದಿನ ಪ್ರಶ್ನೆ. ಅರಮನೆಗೆ ಹೋಗುವ ಕಥೆಗಳಲ್ಲಿ ಹೋದವರೆಲ್ಲ ರಾಣಿಯ ಪಕ್ಕದಲ್ಲಿಯೇ ಇಳಿಯುತ್ತಾರೆ. ನೀರು ಹೊರುವವಳ ಪಕ್ಕದಲ್ಲಿ ಇಳಿಯುವವರು ಕಡಿಮೆ. ರಾಣಿಯ ಪಕ್ಕದಲ್ಲಿ ಇಳಿದರೂ ಅಲ್ಲಿನ ಬದುಕು ಹಗುರವಾಗಿರಲಿಲ್ಲ. ರಾಜಮನೆತನದ ವಿವಾಹಗಳು ಎಷ್ಟೋ ಸಲ ಎರಡು ಸೈನ್ಯಗಳ ನಡುವಣ ಒಪ್ಪಂದಗಳಾಗಿದ್ದವು. ನಾಟ್ಯ, ಸಂಗೀತಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುವ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲಾದೇವಿಯು 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಮಗಳ ಅಗಲಿಕೆಯನ್ನು ತಾಳದೆ ತಾಯಿ ಮಾಚಿಕಬ್ಬೆಯು ಉಪವಾಸ ವ್ರತದಿಂದ ಪ್ರಾಣ ಬಿಟ್ಟಳು. ಕಾದಂಬರಿ ಓದುವಾಗ ನನ್ನ ಕಣ್ಣಿಗೆ ಶಾಂತಲೆಯ ನೃತ್ಯ ಮಾತ್ರ ಕಂಡಿತ್ತು. ಆ ತಾಯಿ ಕಾಣಲು ನನಗೆ ಮಗಳು ಹುಟ್ಟಬೇಕಾಯಿತು.

ಅರಮನೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದ ತರುಣಿಯೊಬ್ಬಳ ಕಥೆಯಂತೂ ನಮ್ಮ ಮನೆಮನೆಗಳಲ್ಲಿದೆ. ಉಡುತಡಿಯ ಮಹಾದೇವಿಯನ್ನು ಕೌಶಿಕ ರಾಜನು ಮೋಹಿಸಿದನು. ಮದುವೆ ನಡೆಯಿತೋ ಇಲ್ಲವೋ ಎಂಬಲ್ಲಿ ಕಾವ್ಯಗಳ ನಡುವೆ ಭೇದವುಂಟು. ಅವಳು ಅರಮನೆಯ ಸಿರಿಯನ್ನು ಬಿಟ್ಟು ಒಬ್ಬಳೇ ಹೊರನಡೆದಳು ಎಂಬಲ್ಲಿ ಭೇದವಿಲ್ಲ. ಒಲವು ಯಾರಲ್ಲಿ ಎಂಬುದನ್ನು ದೊರೆಯೂ ನಿರ್ಣಯಿಸಲಾರ ಎಂದು ತೋರಿಸಿದ ಆ ನಡಿಗೆಯೇ ಅವಳನ್ನು ಅಕ್ಕನನ್ನಾಗಿ ಮಾಡಿತು.

ದರ್ಶನ ಮುಗಿಸಿ ಹೊಳೆಯ ದಂಡೆಯಲ್ಲಿ ಕುಳಿತೆವು. "ಅಜ್ಜ, ರಾಜರ ಕಾಲದಲ್ಲಿ ನಿಜವಾಗಿ ನಡೆದ ಹುಡುಗ ಹುಡುಗಿಯ ಕಥೆ ಒಂದೂ ಇಲ್ಲವೇ?" ಎಂದು ಅವಳು ಕೇಳಿದಳು. ನಾನು ಕಲ್ಯಾಣದ ಕಥೆಯನ್ನು ಹೇಳಿದೆ.

ಅದು ಕಳಚುರಿ ಬಿಜ್ಜಳನ ಆಸ್ಥಾನ, ಹನ್ನೆರಡನೆಯ ಶತಮಾನ. ಊರು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸಮಗಾರರ ಮನೆಯಿಂದ ಬಂದ ಶರಣ ಹರಳಯ್ಯನ ಮಗ ಶೀಲವಂತ. ಬ್ರಾಹ್ಮಣ ಮನೆಯಿಂದ ಬಂದ ಶರಣ ಮಧುವರಸನ ಮಗಳು. ಇಷ್ಟಲಿಂಗ ಧರಿಸಿದ ಮೇಲೆ ಹಿಂದಿನ ಕುಲವಿಲ್ಲ ಎಂಬ ನಂಬಿಕೆಯಲ್ಲಿ ಎರಡು ಮನೆಗಳೂ ಸಂಬಂಧ ಬೆಳೆಸಿದವು. ವರ್ಣ ಕೆಟ್ಟಿತೆಂದು ದೂರು ಅರಮನೆಗೆ ಹೋಯಿತು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಅದರ ಬೆನ್ನಿಗೇ ಬಿಜ್ಜಳನ ಕೊಲೆ, ಕಲ್ಯಾಣದ ಗಲಭೆ, ಶರಣರು ಚದುರಿದ್ದು ಎಲ್ಲವೂ ನಡೆದವೆಂದು ಪರಂಪರೆ ಹೇಳುತ್ತದೆ. ಗಿರೀಶ ಕಾರ್ನಾಡರು 'ತಲೆದಂಡ' ನಾಟಕದಲ್ಲಿ ಚಿತ್ರಿಸಿದ್ದು ಇದೇ ಪ್ರಸಂಗವನ್ನು. ಆ ಕೃತಿಗೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

"ಹುಡುಗಿಯ ಹೆಸರು ಏನಜ್ಜ?"

"ಕೆಲವರು ಲಾವಣ್ಯ ಎನ್ನುತ್ತಾರೆ. ಕಾರ್ನಾಡರ ನಾಟಕದಲ್ಲಿ ಕಲಾವತಿ."

"ಅವಳು ಏನು ಹೇಳಿದಳು?"

ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ತಂದೆಯರು ಮಾತನಾಡಿದರು, ದೊರೆ ಮಾತನಾಡಿದ, ಮಂತ್ರಿಗಳು ಮಾತನಾಡಿದರು. ಯಾರ ಮದುವೆಯಿಂದ ಒಂದು ರಾಜ್ಯವೇ ನಡುಗಿತೋ ಆ ಇಬ್ಬರ ಮಾತು ನಾವು ಹೇಳುವ ಕಥೆಯಲ್ಲಿ ಕೇಳಿಬರುವುದೇ ಇಲ್ಲ.

ಸ್ವಲ್ಪ ಹೊತ್ತು ನೀರನ್ನು ನೋಡುತ್ತ ಕುಳಿತಿದ್ದ ಮೊಮ್ಮಗಳು ಮೆಲ್ಲನೆ, "ಅಜ್ಜ, ನನ್ನ ಕಥೆಯ ಹುಡುಗ ಆ ಕಾಲ ಬಿಟ್ಟು ದಾವಣಗೆರೆಗೆ ಬಂದು ನಮ್ಮ ಮನೆಯ ಬಾಗಿಲು ತಟ್ಟಿದರೆ ನೀವು ಅವನನ್ನು ಮೊದಲು ಏನು ಕೇಳುತ್ತೀರಿ?" ಎಂದಳು.

ಯಾವ ಊರು, ಯಾರ ಮಗ ಎಂದು ಕೇಳುವೆನೆಂದು ಹೇಳಲು ಬಾಯಿ ತೆರೆದೆ. ಅವಳೇ ಮುಂದುವರಿಸಿದಳು: "ಯಾವ ಪಂಗಡ ಅಂತ ಕೇಳುತ್ತೀರಿ. ಅತ್ತೆಯ ವಿಷಯದಲ್ಲಿ ಹಾಗೇ ಆಯಿತಂತೆ."

ಓದುಗರಲ್ಲಿ ಮುಚ್ಚಿಡುವುದೇನಿದೆ? ಇಪ್ಪತ್ತು ವರ್ಷಗಳ ಹಿಂದೆ ನನ್ನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ನೌಕರಿಯಲ್ಲಿದ್ದವನು, ನಮ್ಮಂತೆಯೇ ಲಿಂಗ ಧರಿಸಿದ ಮನೆಯವನು. ಮಗಳಿಗೂ ಮನಸ್ಸಿತ್ತು. ಒಳಪಂಗಡ ಬೇರೆ ಎಂಬ ಒಂದೇ ಕಾರಣಕ್ಕೆ ನಾನು ಬೇಡವೆಂದೆ. "ನಾಲ್ಕು ಜನಕ್ಕೆ ಏನು ಹೇಳಲಿ?" ಎಂದು ಕೇಳಿದ್ದು ನೆನಪಿದೆ. ಮಗಳು ಎದುರಾಡಲಿಲ್ಲ. ಒಳಗೆ ಹೋಗಿ ಒಣಗಿದ ಬಟ್ಟೆಗಳನ್ನು ಮಡಿಸತೊಡಗಿದಳು. ಅನಂತರ ನಾವು ತೋರಿಸಿದ ಮನೆಗೆ ಹೋದಳು, ಚೆನ್ನಾಗಿಯೇ ಇದ್ದಾಳೆ. ಆದರೆ ಅಂದಿನಿಂದ ಇಂದಿನವರೆಗೆ ತನ್ನ ಮನಸ್ಸಿನ ಒಂದು ಮಾತನ್ನೂ ಅವಳು ನನ್ನಲ್ಲಿ ಹೇಳಿಕೊಂಡಿಲ್ಲ. ಆ ನಾಲ್ಕು ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಉಳಿದಿಬ್ಬರಿಗೆ ಆ ಸಂಗತಿಯೇ ನೆನಪಿರಲಾರದು. ಕಕುದ್ಮಿಯನ್ನು ನೋಡಿ ಬ್ರಹ್ಮನು ನಕ್ಕ ನಗು ನನಗೆ ಕೇಳಿಸಿತು.

ಹರಳಯ್ಯ, ಮಧುವರಸರ ಕಥೆಯನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಕಣ್ಣೀರು ತರಿಸುವಂತೆ ಹೇಳಿದ್ದೇನೆ. ಅವರು ಕುಲದ ಗೋಡೆಯನ್ನೇ ದಾಟಿದರು. ನಾನು ನಮ್ಮದೇ ಅಂಗಳದ ಒಳಗೋಡೆಯನ್ನೂ ದಾಟಲಿಲ್ಲ. ಕಾಲದ ಕಂಬವೊಂದು ತೆರೆದು ನನ್ನನ್ನು ಆ ದಿನದ ಕಲ್ಯಾಣಕ್ಕೆ ಒಯ್ದಿದ್ದರೆ ನಾನು ಮದುವೆಯ ಚಪ್ಪರದಲ್ಲಿ ನಿಲ್ಲುತ್ತಿದ್ದೆನೋ, ಅರಮನೆಗೆ ದೂರು ಕೊಂಡೊಯ್ದವರ ಸಾಲಿನಲ್ಲಿ ನಿಲ್ಲುತ್ತಿದ್ದೆನೋ ಎಂದು ಯೋಚಿಸಿದರೆ ಭಯವಾಗುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಕಥೆಗಳಿಂದ ದೊಡ್ಡವರಿಗೆ ಏನಾದರೂ ಪ್ರಯೋಜನವಿದ್ದರೆ ಅದು ಈ ಪ್ರಶ್ನೆಯೇ ಎಂದು ನನಗೆ ತೋರುತ್ತದೆ.

ದಂಡೆಯಿಂದ ಏಳುವ ಮುನ್ನ ಮೊಮ್ಮಗಳಿಗೆ ಎರಡು ಮಾತು ಹೇಳಿದೆ. ಒಂದು: "ನಿನ್ನ ಅತ್ತೆಯ ವಿಷಯದಲ್ಲಿ ನಾನು ತಪ್ಪಿದೆ." ಇನ್ನೊಂದು: "ಹದಿನಾರರ ಹುಡುಗಿಗೆ, ಹುಣ್ಣಿಮೆಯೊಳಗೆ ತೀರ್ಮಾನಿಸು, ಮತ್ತೆ ಈ ಬಾಗಿಲು ತೆರೆಯದು ಎಂದು ಅವಸರಪಡಿಸುವ ಯಾವ ಬಾಗಿಲನ್ನೂ ನಂಬಬೇಡ. ನಮ್ಮ ಕಾನೂನು ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ವರ್ಷವಾಗಿರಬೇಕೆಂದು ಹೇಳುವುದು ಸುಮ್ಮನೆ ಅಲ್ಲ. ನಿಜವಾದ ಒಲವಿಗೆ ಓದು ಮುಗಿಯುವವರೆಗೆ ಕಾಯುವ ತಾಳ್ಮೆ ಇರುತ್ತದೆ." ಮೊದಲನೆಯ ಮಾತನ್ನು ಹೇಳದೆ ಎರಡನೆಯದನ್ನು ಮಾತ್ರ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲವೆಂದು ನನಗೆ ಖಾತ್ರಿಯಿದೆ.

ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಕ್ಕಳು ರಾಜಕುಮಾರರ, ಅರಮನೆಗಳ ಪ್ರೇಮಕಥೆಗಳನ್ನು ಓದುತ್ತಿದ್ದರೆ, ಬರೆಯುತ್ತಿದ್ದರೆ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಓದಲು ಅಪ್ಪಣೆ ಕೇಳಿ. ಅರಮನೆಯಲ್ಲಿ ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ, ನೆಂಟರ ಮನೆಯ ಮಕ್ಕಳೊಡನೆ ಹೋಲಿಕೆಯಿಲ್ಲ. ಅದಕ್ಕಾಗಿಯೇ ಮಕ್ಕಳು ಅಲ್ಲಿಗೆ ಓಡುತ್ತಾರೆ. ಅವರನ್ನು ಹಿಂದಕ್ಕೆ ಎಳೆಯುವ ಬದಲು ಒಂದು ದಿನ ಅವರೊಡನೆ ನೀವೂ ಹೋಗಿ. ನಮ್ಮ ಸುತ್ತಮುತ್ತ ಹರಿಹರವಿದೆ, ಚಿತ್ರದುರ್ಗವಿದೆ; ಶಾಸನದ ಕಲ್ಲಿಲ್ಲದ ಊರು ಅಪರೂಪ. ಕಲ್ಲನ್ನು ತೋರಿಸಿ, ಕಾಲವನ್ನು ಹೇಳಿ, ಅಲ್ಲಿ ಯಾರು ಸುಖವಾಗಿದ್ದರು, ಯಾರು ಇರಲಿಲ್ಲ ಎಂಬುದನ್ನು ಮಾತನಾಡಿ. ಆಮೇಲೆ ಅವರು ಕೇಳುವ ಪ್ರಶ್ನೆಗೆ ಸಿದ್ಧರಾಗಿರಿ.

ಮೊಮ್ಮಗಳು ಕಥೆಯನ್ನು ತಿದ್ದಿ ಬರೆದಿದ್ದಾಳೆ. ಗರುಡನನ್ನು ಅವಳು ಉಳಿಸಲಿಲ್ಲ. "ಅವನ ವ್ರತ ಅವನದು" ಎಂದಳು. ಹುಣ್ಣಿಮೆಯ ರಾತ್ರಿ ಹುಡುಗಿ ಕಂಬದೊಳಗೆ ಕಾಲಿಡುತ್ತಾಳೆ. ಆದರೆ ಬಾಗಿಲು ದಾವಣಗೆರೆಗೆ ತೆರೆಯದೆ ಇನ್ನೂ ಹಿಂದಕ್ಕೆ, ಕಲ್ಯಾಣದ ಒಂದು ಬೀದಿಗೆ ತೆರೆಯುತ್ತದೆ. ಹರಳಯ್ಯನ ಮನೆಯ ಜಗುಲಿಯಲ್ಲಿ ಮದುವಣಗಿತ್ತಿ ಕುಳಿತಿದ್ದಾಳೆ. ಈ ಹುಡುಗಿ ಮುಂದಿನ ಕಾಲದಿಂದ ಬಂದವಳೆಂದು ತಿಳಿದು ಆಕೆ ಒಂದೇ ಪ್ರಶ್ನೆ ಕೇಳುತ್ತಾಳೆ: "ನಿಮ್ಮ ಕಾಲದಲ್ಲಿ ನಮ್ಮಂಥವರಿಗೆ ಮನೆಯವರೇ ಬಾಗಿಲು ತೆರೆಯುತ್ತಾರಲ್ಲವೇ?"

ಅದರ ಕೆಳಗೆ ಅರ್ಧ ಪುಟ ಖಾಲಿಯಿದೆ. "ಇಲ್ಲಿ ಏನು ಬರೆಯಬೇಕೆಂದು ನೀವೇ ಹೇಳಿ ಅಜ್ಜ" ಎಂದು ನೋಟುಬುಕ್ಕನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾಳೆ. ಮೊನ್ನೆ ಮಗಳಿಗೆ ಫೋನು ಮಾಡಿ, ದಸರೆಗೆ ಬಂದಾಗ ನಿನ್ನೊಡನೆ ಒಂದು ಹಳೆಯ ಮಾತು ಆಡಬೇಕಾಗಿದೆ ಎಂದು ಹೇಳಿದ್ದೇನೆ. ಅದಾದ ಮೇಲೆ ಆ ಪುಟವನ್ನು ತುಂಬುವ ಆಸೆಯಿದೆ. ನಿಮ್ಮ ನಿಮ್ಮ ಮನೆಗಳಲ್ಲಿಯೂ ಅಂಥದೊಂದು ಪುಟ ಖಾಲಿಯಿದ್ದರೆ, ಮಕ್ಕಳು ಕೇಳುವ ಮುನ್ನವೇ ಒಮ್ಮೆ ತೆರೆದು ನೋಡಿರಿ.

ಶರಣು ಶರಣಾರ್ಥಿ.